ಪ್ಲಾಸ್ಟಿಕ್ಕಿನ ಖರೇ ಎಲಬು

ಸತ್ಯ ಒಂದೇ ಎಂದು ಹೇಳುವವರನ್ನು ಕಂಡರೆ ನನಗೆ ಅಸೂಯೆ. ಅವರಾರೂ ಬಾಗಲಕೋಟೆಯಲ್ಲಿ ವಿಜ್ಞಾನದ ಸಂಗ್ರಹಾಲಯ ನಡೆಸಿದವರಲ್ಲ. ನಾನು ನಡೆಸಿದ್ದೇನೆ, ಎಪ್ಪತ್ತರ ದಶಕದ ಕೊನೆಯಲ್ಲಿ, ನಮ್ಮ ಹೈಸ್ಕೂಲಿನ ಒಂದು ಕೋಣೆಯಲ್ಲಿ. ಮೊದಲು ಅಲ್ಲಿ ಮಕ್ಕಳ ಉಪ್ಪಿಟ್ಟಿನ ರವೆಚೀಲ ಇಡುತ್ತಿದ್ದರು. ಚೀಲ ಹೊರಗೆ ಹಾಕಿಸಿ, ಗೋಡೆಗೆ ಸುಣ್ಣ ಬಳಿಸಿ, ಒಂದು ಭೂಗೋಳ, ಕೆಲವು ಅಯಸ್ಕಾಂತ, ಬಾಟಲಿಯಲ್ಲಿ ಮಲಗಿದ ಹಾವು, ಇಷ್ಟನ್ನು ಜೋಡಿಸಿದೆ. ಮೂಲೆಯಲ್ಲಿ ಪಾರ್ಸಲ್ಲಿನಲ್ಲಿ ಬಂದ ಪ್ಲಾಸ್ಟಿಕ್ಕಿನ ಅಸ್ಥಿಪಂಜರವನ್ನು ತೂಗುಹಾಕಿದೆ. ಮೊದಲ ಮಗ ಹುಟ್ಟಿದಾಗಲೂ ನಾನು ಅಷ್ಟು ಬೀಗಿರಲಿಲ್ಲ ಎಂದು ನನ್ನ ಹೆಂಡತಿ ಇಂದಿಗೂ ಹೇಳುತ್ತಾಳೆ.

ಶಾಲೆಯ ಹುಡುಗರಿಗಷ್ಟೇ ಅಲ್ಲ, ಊರಿಗೆಲ್ಲ ವಿಜ್ಞಾನ ಕಲಿಸಬೇಕೆಂಬುದು ನನ್ನ ಹಟ. ಸಂತೆಯ ದಿನ ಬೇವೂರಿನಿಂದ ಬಂದ ಗಂಡಸರ ಗುಂಪೊಂದನ್ನು ಕರೆದು ಒಳಗೆ ಬಿಟ್ಟೆ. ಅವರು ನೇರ ಮೂಲೆಗೇ ನಡೆದರು.

"ಮಾಸ್ತರ, ಇದು ಖರೇ ಎಲಬೇನ್ರಿ?"

"ಅಲ್ರೀ, ಪ್ಲಾಸ್ಟಿಕ್" ಎಂದೆ, ವಿಜ್ಞಾನಿಯ ಪ್ರಾಮಾಣಿಕತೆಯಿಂದ.

"ಪ್ಲಾಸ್ಟಿಕ್ಕಿನ ಕೊಡಾ ಮನ್ಯಾಗೂ ಐತಿ, ನಡೀರಿಲೇ" ಎಂದು ಒಬ್ಬ ತಿರುಗಿದ. ಅವನ ಹಿಂದೆ ಎಲ್ಲರೂ ಹೋದರು. ಅಯಸ್ಕಾಂತದ ಕಡೆ ಒಬ್ಬನೂ ಕಣ್ಣೆತ್ತಿ ನೋಡಲಿಲ್ಲ.

ನನಗೆ ಸಿಟ್ಟು ಬಂತು. ಮುಂದಿನ ಸಂತೆಗೆ ಬೇರೊಂದು ಗುಂಪಿನಿಂದ ಅದೇ ಪ್ರಶ್ನೆ ಬಂದಾಗ, "ನೀವ ನೋಡ್ರಿ, ಹೆಂಗ ಕಾಣಸ್ತೈತಿ?" ಎಂದೆ. ಅವರು ನೋಡಿದರು. ಅದು ವಿಜಾಪುರದ ಜೇಲಿನಲ್ಲಿ ಸತ್ತ ದರೋಡೆಕೋರನ ಎಲಬೆಂದು ಅವರೇ ತೀರ್ಮಾನಿಸಿದರು. ನಾನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ. ದರೋಡೆಕೋರನ ಪಕ್ಕೆಲುಬು ತೋರಿಸಿ ಉಸಿರಾಟ ಹೇಳಿಕೊಟ್ಟೆ, ಬೆನ್ನೆಲುಬು ತೋರಿಸಿ ಬೆನ್ನುಹುರಿ ಹೇಳಿಕೊಟ್ಟೆ, ಹಾಗೇ ಅಯಸ್ಕಾಂತವನ್ನೂ ತೋರಿಸಿಬಿಟ್ಟೆ. ಶಿರೂರಿನಿಂದ ಜನ ಎತ್ತಿನ ಗಾಡಿ ಕಟ್ಟಿಕೊಂಡು ಬರತೊಡಗಿದರು.

ಆದರೆ ಹೆಂಗಸರು ಬರಲಿಲ್ಲ. ನಮ್ಮ ಪಕ್ಕದ ಮನೆಯ ನಿಂಗವ್ವನನ್ನು ಕೇಳಿದೆ.

"ಬರಾಕೇನ್ರಿ ಮಾಸ್ತರ, ಆದ್ರ ಹೆಣದ ಎಲಬ ನೋಡಿ ಬಂದಮ್ಯಾಲ ತಲಿಮ್ಯಾಲ ನೀರ ಹಾಕ್ಕೋಬೇಕು, ಮನಿ ಸಾರಸಬೇಕು, ಆಮ್ಯಾಲ ಒಲಿ ಹಚ್ಚಬೇಕು. ಎರಡ ದಿನಕ್ಕೊಮ್ಮಿ ಬರೂ ನಳದ ನೀರಾಗ ಯಾವ ಶ್ಯಾಣ್ಯಾತನ ಕಲಿಯೂದರಿ?"

ನನ್ನ ಹೆಂಡತಿಯೂ ಇದೇ ಪಕ್ಷ. ಅವಳ ತವರು ಇಳಕಲ್ಲು, ಸೀರೆಯ ಸೆರಗಿನಷ್ಟೇ ಮಾತೂ ಗಟ್ಟಿ. ಕೊನೆಗೆ ನಾನು ಶುಕ್ರವಾರ ಮಧ್ಯಾಹ್ನವನ್ನು ಹೆಂಗಸರಿಗೆಂದು ಬೇರೆ ಇಟ್ಟೆ. ಬಾಗಿಲಲ್ಲೇ ನಿಂತು, "ಬರೀ ಪ್ಲಾಸ್ಟಿಕ್ರಿ, ಮೈಲಿಗಿ ಇಲ್ಲ" ಎಂದು ಕೂಗಿ ಹೇಳುತ್ತಿದ್ದೆ. ಹೆಂಗಸರು ಬಂದರು, ಎಲಬು ಹಿಡಿದು ಅಲ್ಲಾಡಿಸಿ ನಕ್ಕರು. ಹೀಗೆ ನನ್ನ ಅಸ್ಥಿಪಂಜರ ಸಂತೆಯ ದಿನ ಸತ್ತವನದು, ಶುಕ್ರವಾರ ಯಾರದೂ ಅಲ್ಲ. ವಿಜ್ಞಾನ ಸುಖವಾಗಿ ನಡೆದಿತ್ತು.

ಆಗ ವಿಜಾಪುರದಿಂದ ಶಿಕ್ಷಣ ಇಲಾಖೆಯ ಸಾಹೇಬರು ತಪಾಸಣೆಗೆ ಬರುವ ಸುದ್ದಿ ಬಂತು. ಅವರು ಮೈಸೂರಿನ ಕಡೆಯವರು. "ಸ್ತ್ರೀ ಪುರುಷರೆನ್ನದೆ ಎಲ್ಲ ವರ್ಗದ ಜನರೂ ಒಟ್ಟಿಗೆ ಪಾಲ್ಗೊಳ್ಳುವುದನ್ನು ನಾನು ಕಣ್ಣಾರೆ ನೋಡಬೇಕು. ಇಲ್ಲದಿದ್ದರೆ ಆ ಕೋಣೆ ರವೆಗೇ ಇರಲಿ" ಎಂದು ಹೆಡ್‌ಮಾಸ್ತರರಿಗೆ ಹೇಳಿ ಕಳಿಸಿದ್ದರು. ಒಟ್ಟಿಗೆ! ಆ ಒಂದು ಮಾತಿಗೆ ನನಗೆ ಊಟ ಸೇರದಾಯಿತು.

ಆ ದಿನ ಕೋಣೆ ತುಂಬಿತು. ಸಾಹೇಬರು ಕುರ್ಚಿಯಲ್ಲಿ ಕೂತಿದ್ದರು. ಶಿರೂರಿನವನೊಬ್ಬ ಹೆಂಡತಿಯನ್ನು ಮೂಲೆಗೆ ಕರೆದು, "ನೋಡ, ಖರೇ ಮನಶ್ಯಾನ ಎಲಬು" ಎಂದ. ಆಕೆ ಚಟ್ಟನೆ ಹಿಂದೆ ಸರಿದಳು.

"ಯಾವಾಂವ ಹೇಳಿದ?" ನಿಂಗವ್ವ ಎದ್ದಳು. "ಪ್ಲಾಸ್ಟಿಕ್ ಅಂತ ಮಾಸ್ತರ ತಮ್ಮ ಬಾಯ್ಲೆ ಹೇಳ್ಯಾರ. ಹೌದಿಲ್ರಿ ಮಾಸ್ತರ?"

ಗಂಡಸರು ನನ್ನನ್ನೇ ನೋಡಿದರು, ಹೆಂಗಸರು ನನ್ನನ್ನೇ ನೋಡಿದರು. ಹೌದೆಂದರೆ ಸಂತೆ ಹೋಯಿತು, ಅಲ್ಲವೆಂದರೆ ಶುಕ್ರವಾರ ಹೋಯಿತು, ಎರಡರಲ್ಲಿ ಯಾವುದು ಹೋದರೂ ರವೆ ಬಂತು. ಆಗ ನನ್ನ ಕೈಹಿಡಿದದ್ದು ಪಠ್ಯಪುಸ್ತಕದ ಕನ್ನಡ.

"ಇದು ಮಾನವ ಅಸ್ಥಿಪಂಜರದ ಯಥಾವತ್ ಪ್ರತಿಕೃತಿ!" ಎಂದು ಗಟ್ಟಿಯಾಗಿ ಘೋಷಿಸಿದೆ.

"ಕೇಳಿದ್ಯಾ? ಯಥಾವತ್ ಅಂತ. ಅಂದ್ರ ಖರೇನ" ಎಂದ ಶಿರೂರಿನವ.

"ಕೃತಿ ಅಂದ್ರ ಮಾಡಿದ್ದು. ನಾ ಹೇಳಲಿಲ್ಲಾ?" ಎಂದಳು ನಿಂಗವ್ವ.

ಇಬ್ಬರೂ ಗೆದ್ದು ಮುಂದಿನ ಮೇಜಿಗೆ ಹೋದರು. ಅಲ್ಲಿ ಭೂಗೋಳ ತಿರುಗಿಸಿ, ಭೂಮಿ ತಿರುಗುತ್ತದೆಂದು ಎಲ್ಲರಿಗೂ ಹೇಳಿಕೊಟ್ಟೆ. "ಎಲ್ಲರಿಗೂ ಮನಮುಟ್ಟುವ ಹಾಗೆ ಹೇಳ್ತೀರ ಕಣ್ರೀ" ಎಂದು ಸಾಹೇಬರು ಬೆನ್ನು ತಟ್ಟಿದರು. ಕೋಣೆ ಉಳಿಯಿತು.

ಮನೆಗೆ ಬಂದಾಗ ಹೆಮ್ಮೆಯಿಂದ ನನಗೆ ನೆಲ ಕಾಣುತ್ತಿರಲಿಲ್ಲ. ಹೆಂಡತಿ ಜನರ ನಡುವೆ ನಿಂತು ಎಲ್ಲವನ್ನೂ ನೋಡಿದ್ದಳು. ಈಗ ರೊಟ್ಟಿ ಬಡಿಯುತ್ತಿದ್ದಳು. ಹೊಗಳುತ್ತಾಳೆಂದು ನಾನು ಕಾದೆ. ಎರಡನೆಯ ರೊಟ್ಟಿ ತಾಟಿಗೆ ಹಾಕಿ ಮೆಲ್ಲಗೆ ಕೇಳಿದಳು:

"ಭೂಮಿ ತಿರಗತೈತಿ ಅಂತ ಹೇಳಿದ್ರೆಲ್ಲಾ, ಅದು ಎಲ್ಲಾರಿಗೂ ಖರೇ ಏನ್ರಿ, ಇಲ್ಲಾ ಗಂಡಸರಿಗಷ್ಟೇನೋ?"