ಸವೆದ ದವಡೆಗೆ ಒಂದು ಕಾಗದದ ಚೂರು

ಅಮ್ಮನ ಗಾಲಿಕುರ್ಚಿ ಬಲಕ್ಕೆ ಎಳೆದು ಪಕ್ಕದ ಮನೆಯ ಹೂಕುಂಡ ಒಡೆದದ್ದೇ ಎಲ್ಲಕ್ಕೂ ಮೂಲ. ಹಿಂದಿನಿಂದ ತಳ್ಳುತ್ತಿದ್ದವನು ಮಗ, ಬೀಗ ರಿಪೇರಿಯವನು. ಊರವರ ಬೀಗವೆಲ್ಲ ಬಿಚ್ಚುವವನಿಗೆ ಹೆತ್ತ ತಾಯಿಯ ಕುರ್ಚಿ ನೇರ ಓಡಿಸಲು ಬರುವುದಿಲ್ಲವೆಂದು ಪಕ್ಕದ ಮನೆಯಾಕೆ ಆಡಿಕೊಂಡಳು. ಆ ಮಾತು ಅವನಿಗೆ ಚುಚ್ಚಿತು.

"ಇರ್ಲಿ ಬಿಡೋ, ನನಗೇನೂ ತೊಂದರೆ ಇಲ್ಲ," ಎಂದಳು ತಾಯಿ.

ಎಡಗೈ ಸೋತ ಮೇಲೆ, ತಾನೇ ಕುರ್ಚಿ ತಳ್ಳಿಕೊಂಡು ಅಡುಗೆಮನೆಗೆ ಹೋಗುವುದೊಂದೇ ಅವಳಿಗೆ ಉಳಿದಿದ್ದ ಸ್ವಾತಂತ್ರ್ಯ. ಮಗ ಅವಳ ಮಾತನ್ನು ಸಂಕೋಚವೆಂದುಕೊಂಡ. ಅವಳನ್ನು ಮಂಚದ ಮೇಲೆ ಕೂರಿಸಿ, ಬಲಗಾಲಿಯ ಸೊಟ್ಟಗಾಗಿದ್ದ ಅಚ್ಚು ಬಿಚ್ಚಿಕೊಂಡು, "ಸಂಜೆಯೊಳಗೆ ಹೊಸದು ಹಾಕ್ತೀನಿ" ಎಂದು ಹೊರಟೇಬಿಟ್ಟ.

ಬೀದಿಯ ಕೊನೆಯ ವರ್ಕ್‌ಶಾಪಿನಲ್ಲಿ ಎಲ್ಲ ಕಸುಬಿನವರಿಗೂ ಸೇರಿ ಕಬ್ಬಿಣ ಕಡೆಯುವ ಒಂದೇ ಲೇತ್. ಕೆಲಸದ ಸರಳನ್ನು ಕಚ್ಚಿ ಹಿಡಿಯುವ, ‘ಚಕ್’ ಎಂಬ ಅದರ ಹಿಡಿಗೆ ಮೂರು ದವಡೆ. ಒಂದು ಸವೆದು, ಹಿಡಿದ ಸರಳೆಲ್ಲ ಓಲಾಡುತ್ತ ತಿರುಗುತ್ತಿತ್ತು. ಅದಕ್ಕೆ ಅಲ್ಲಿಯವರ ಮದ್ದೆಂದರೆ, ಆ ದವಡೆಯಡಿ ಒಂದು ಕಾಗದದ ಚೂರು.

"ಕಾಗದ ಕೊಡ್ಲಾ ತಮ್ಮಾ?" ಎಂದ ಪಂಪ್ ರಿಪೇರಿಯವ, ಹಳೆಯ ಕ್ಯಾಲೆಂಡರಿನ ಹಾಳೆ ಹರಿಯುತ್ತ.

"ಬೇಡಣ್ಣ. ಒಂದು ಸೊಟ್ಟಕ್ಕೆ ಇನ್ನೊಂದು ಸೊಟ್ಟ ಅಂಟಿಸಿ ನೇರ ಅಂತೀರಲ್ಲ, ನಾಚಿಕೆ ಆಗಲ್ವಾ?"

"ಓಹೋ, ದೊಡ್ಡ ಮಾತು!" ಎಂದಳು ಸೈಕಲ್ ಅಂಗಡಿಯ ಅಕ್ಕ.

ಬೀಗದವನು ಚಕ್ಕನ್ನೇ ಬಿಚ್ಚಿದ. ಒಳಗೆ ವರ್ಷಾನುಗಟ್ಟಲೆಯ ಕಬ್ಬಿಣದ ಚೂರು, ಜಿಡ್ಡು. ಸೀಮೆಎಣ್ಣೆಯಲ್ಲಿ ತೊಳೆದ. ಮತ್ತೆ ಕೂರಿಸಿ, ಲೇತಿಗೆ ಸಣ್ಣ ಗ್ರೈಂಡರ್ ಕಟ್ಟಿ ಮೂರೂ ದವಡೆಗಳನ್ನು ಸಮಕ್ಕೆ ಉಜ್ಜಿದ. ಊಟ ಮರೆತ. ಪರೀಕ್ಷೆಗೆಂದು ಹಳೆಯ ಅಚ್ಚನ್ನೇ ಹಿಡಿದು ಕಡೆದ. ಅದು ಕಡ್ಡಿಯಷ್ಟಾಗುವ ಹೊತ್ತಿಗೆ ಓಲಾಟ ಅಳೆಯುವ ಡಯಲಿನ ಮುಳ್ಳು ನಿದ್ದೆ ಹೋದ ಮಗುವಿನಂತೆ ಅಲ್ಲಾಡದೆ ನಿಂತಿತು. ಅವನ ಕಣ್ಣು ತುಂಬಿ ಬಂತು. ಹೊಸ ಅಚ್ಚು ಕಡೆದು ಮುಗಿಸಿದ.

ಆಮೇಲೆ ಲೇತಿಗೆ ಬಂದ ಪಂಪಿನವ ಅಭ್ಯಾಸಬಲದಿಂದ ಕಾಗದ ತುರುಕಿದ. ಸಮವಾಗಿದ್ದ ದವಡೆಗೆ ಕಾಗದ ಸೇರಿ ಪಂಪಿನ ದಂಡ ಸೊಟ್ಟಗಾಗಿ ಹಾಳಾಯಿತು. ಅವನ ಹಿಂದೆಯೇ ಬಂದ ಅಕ್ಕನದೂ ಅದೇ ಕತೆ.

"ದವಡೆ ಸರಿಮಾಡಿದೀನಿ ಅಂತ ಹೇಳಿದ್ನಲ್ಲ!"

"ಕಿವಿಗೆ ಹೇಳಿದೆ. ಕೈಗೆ ಹೇಳಬೇಕಿತ್ತು," ಎಂದು ಪಂಪಿನವ ಹಾಳಾದ ದಂಡವನ್ನು ಮೂಲೆಗೆಸೆದ.

ಬೈಗುಳ ತಿಂದರೂ ಬೀಗದವನು ಗೆದ್ದವನಂತೆ ಮನೆಗೆ ಬಂದ. ಅಚ್ಚು ಹಾಕಿ, ತಾಯಿಯನ್ನು ಕೂರಿಸಿ, ಒಂದೇ ಬೆರಳಲ್ಲಿ ತಳ್ಳಿದ. ಕುರ್ಚಿ ದಾರ ಹಿಡಿದಂತೆ ನೇರ ಹೋಯಿತು.

"ಈಗ ನೀನೇ ಹೋಗಮ್ಮ."

ತಾಯಿ ಅಡುಗೆಮನೆಯತ್ತ ತಳ್ಳಿಕೊಂಡಳು. ಕುರ್ಚಿ ಎಡಕ್ಕೆ ತಿರುಗಿ ಬಾಗಿಲ ಚೌಕಟ್ಟಿಗೆ ಬಡಿಯಿತು. ಹಿಂದೆ ಬಂದು ಮತ್ತೆ ತಳ್ಳಿದಳು. ಮತ್ತೆ ಚೌಕಟ್ಟು.

"ನನ್ನ ಬಲಗೈಗೆ ಮಾತ್ರ ಜೋರು ಕಣೋ," ಎಂದಳು ಮೆಲ್ಲಗೆ. "ಅದು ಎಡಕ್ಕೆ ತಿರುಗಿಸೋದು, ಕುರ್ಚಿ ಬಲಕ್ಕೆ ಎಳೆಯೋದು. ಹೇಗೋ ಇಬ್ಬರೂ ಸೇರಿ ಅಡುಗೆಮನೆ ಮುಟ್ಟುತ್ತಿದ್ವಿ. ಹಳೇದನ್ನೇ ಹಾಕಿಬಿಡು."

ಹಳೆಯದು ಕಡ್ಡಿಯಾಗಿ ವರ್ಕ್‌ಶಾಪಿನ ಕಸದಲ್ಲಿ ಬಿದ್ದಿತ್ತು. ಮಗ ಬಂದ ದಾರಿಯಲ್ಲೇ ಓಡಿದ.

ಪಂಪಿನವ ಬೀಗ ಹಾಕಲು ನಿಂತಿದ್ದ. ಅಕ್ಕ ಕೈ ತೊಳೆಯುತ್ತಿದ್ದಳು.

"ಅಣ್ಣ, ಒಂದು... ಒಂದು ಕಾಗದದ ಚೂರು ಇದ್ರೆ ಕೊಡಿ."

ಇಬ್ಬರೂ ಮುಖ ಮುಖ ನೋಡಿಕೊಂಡರು. ಅವನು ಇದ್ದದ್ದನ್ನು ಇದ್ದಂತೆ ಹೇಳಿದ. ಯಾರೂ ನಗಲಿಲ್ಲ. ಪಂಪಿನವ ಬಾಗಿಲು ಮತ್ತೆ ತೆರೆದು, ಇಡೀ ಕ್ಯಾಲೆಂಡರನ್ನೇ ತಂದು ಅವನ ಮುಂದಿಟ್ಟ.

"ತಗೋ. ಎಷ್ಟು ಸೊಟ್ಟ ಬೇಕು?"

ಬೀಗದವನು ಕಸದಲ್ಲಿದ್ದ ಕಡ್ಡಿಯನ್ನು ಎತ್ತಿ ನೋಡಿದ. ಬೆಳಗಿನಿಂದ ಅವನು ಅಳೆದಿದ್ದು ನೇರವನ್ನು ಮಾತ್ರ.