ಲೆಟ್ಯೂಸಿಗೆ ನನ್ನ ಕತ್ತರಿ ಬಿದ್ದ ದಿನ

ಮೂವತ್ತು ವರ್ಷ ಕತ್ತರಿ ಹಿಡಿದ ಕೈ ಇದು! ಈ ಕೈ ಕತ್ತರಿಸಿದ ಬಟ್ಟೆಯನ್ನೆಲ್ಲ ಒಟ್ಟಿಗೆ ಹೊಲಿದರೆ ಇಡೀ ಊರಿಗೆ ನೆರಳು ಮಾಡಬಹುದು. ಇಂಥವನ ಕಣ್ಣೆದುರಿಗೇ ಹೆಂಡತಿ ಲೆಟ್ಯೂಸ್ ಸೊಪ್ಪನ್ನು ಪರಪರ ಹರಿಯುತ್ತಿದ್ದರೆ ಸುಮ್ಮನಿರಲಾದೀತೆ?

"ಸೊಪ್ಪನ್ನ ಹರೀತಾರೇನೇ? ಅದೇನು ಹಳೇ ಚೀಟೀನಾ?"

"ಚಾಕು ತಾಗಿದ್ರೆ ಅಂಚು ಕಪ್ಪಾಗುತ್ತೆ ರೀ. ಕೈಯಲ್ಲೇ ಹರೀಬೇಕು."

ಅವಳು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವವಳು. ಅಂಚಿಗೊಂದು ಕಚ್ಚು ಹಾಕಿ ಐದು ಮೀಟರನ್ನು ಸರ್ರನೆ ಹರಿದುಕೊಡುತ್ತಾಳೆ. ಆ ಸದ್ದು ಕೇಳಿದರೆ ನನ್ನ ಕರುಳೇ ಹರಿದಂತಾಗುತ್ತದೆ!

ಅವತ್ತು ಊಟಕ್ಕೆ ಅತ್ತೆ ಬಂದಿದ್ದರು. ಯಾರ ಸಲಾಡು ಮೇಲು ಎನ್ನಲು ಅವರೇ ತೀರ್ಪುಗಾರರು ಎಂದು ಒಪ್ಪಂದವಾಯಿತು. ಅರ್ಧ ಸೊಪ್ಪು ಅವಳಿಗೆ, ಅರ್ಧ ನನಗೆ.

ಚಾಕು ಹಿಡಿಯಲು ನಾನೇನು ಅಡುಗೆಯವನೇ? ಮುಂದಿನ ಕೋಣೆಯ ನನ್ನ ಮೇಜಿಗೆ ಹೋದೆ. ಯಾರಾದರೂ ಕಾಗದಕ್ಕೆ ತಾಗಿಸಿದರೂ ನಾನು ಕೂಗಾಡುವಂಥ ನನ್ನ ದೊಡ್ಡ ಕತ್ತರಿಯನ್ನು ಬಿಸಿನೀರಲ್ಲಿ ತೊಳೆದೆ. ಎಲೆಗಳನ್ನು ಆ ಮೇಜಿನ ಮೇಲೇ ಎಂಟು ಪದರ ಜೋಡಿಸಿ, ಟೇಪಿಟ್ಟು ಅಳೆದು, ಒಂದೂವರೆ ಇಂಚಿನ ಚೌಕಗಳನ್ನು ಕತ್ತರಿಸಿದೆ. ಕನ್ನಡಕ ಹಾಕಲಿಲ್ಲ. ಅತ್ತೆಯ ಮುಂದೆ ಅಳಿಯ ಮುದುಕನಾಗಬಾರದು ನೋಡಿ!

ಮೇಲೆ ಎಣ್ಣೆ, ನಿಂಬೆರಸ ಹಾಕಿ ಬಟ್ಟಲು ತಂದಿಟ್ಟೆ. ಒಂದು ಚೂರಿಗೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲ. ಹೆಮ್ಮೆಗೆ ಅಂಗಿಯ ಗುಂಡಿ ಕಿತ್ತುಬರುವಷ್ಟು ಎದೆ ಉಬ್ಬಿತು.

ಅತ್ತೆ ಮಗಳ ಸಲಾಡನ್ನು ಎರಡೇ ನಿಮಿಷದಲ್ಲಿ ಮುಗಿಸಿದರು. ನನ್ನದನ್ನು ಬಾಯಿಗಿಟ್ಟು ಅಗಿದರು. ಅಗಿದೇ ಅಗಿದರು.

"ಹೇಗಿದೆ ಅತ್ತೆ?"

"ನೋಡೋಕೆ ಬಹಳ ಚೆಂದ ಅಳಿಯಂದ್ರೇ. ಸೊಪ್ಪು ಮಾತ್ರ ಸ್ವಲ್ಪ ಬಲಿತಿದೆ."

"ತಾಜಾ ಅಲ್ವಾ, ಗಟ್ಟಿಯಾಗೇ ಇರುತ್ತೆ!"

ಹೆಂಡತಿ ನನ್ನ ಬಟ್ಟಲಿಂದ ಒಂದು ಚೂರೆತ್ತಿ ಎರಡು ಬೆರಳಲ್ಲಿ ಉಜ್ಜಿ ನೋಡಿದಳು.

"ರೀ, ಈ ಸೊಪ್ಪನ್ನ ಮೊನ್ನೆ ಅಂಗಡೀಲಿ ನಾನೇ ಅಳೆದು ಕೊಟ್ಟಿದ್ದು!"

ಮೇಜಿಗೆ ಓಡಿದೆ. ಸ್ಕೂಲಿನ ಹೆಡ್ ಮೇಡಂ ಕೋಟಿನ ಒಳಗೆ ಹಾಕಲು ಹಾಸಿಟ್ಟಿದ್ದ ಎಳೆಹಸಿರು ಲೈನಿಂಗ್ ಬಟ್ಟೆ! ಎಲೆಗಳ ಜೊತೆಗೆ ಅದರ ಒಂದು ಮೂಲೆಯೂ ಚೌಕಚೌಕವಾಗಿ ಸಲಾಡು ಸೇರಿತ್ತು. ಮೇಡಂ ಐದು ಗಂಟೆಗೆ ಬರುವವರು. ಮೂವತ್ತು ವರ್ಷದಲ್ಲಿ ಒಬ್ಬ ಗಿರಾಕಿಗೂ "ನಾಳೆ ಬನ್ನಿ" ಎಂದ ದರ್ಜಿಯಲ್ಲ ನಾನು!

ಹೆಂಡತಿ ಚಪ್ಪಲಿ ಮೆಟ್ಟಿ ಅಂಗಡಿಗೆ ಓಡಿ ಅದೇ ಬಟ್ಟೆ ಹರಿದು ತಂದಳು. ಹರಿದ ಅಂಚು, ಒಪ್ಪಿಕೊಳ್ಳಬೇಕು, ದಾರ ಹಿಡಿದಷ್ಟು ನೇರವಾಗಿತ್ತು. ಐದಕ್ಕೆ ಐದು ನಿಮಿಷವಿರುವಾಗ ಕೋಟು ಸಿದ್ಧ!

"ನೋಡ್ದ್ಯಾ ನನ್ನ ಕತ್ತರೀನ? ಸೊಪ್ಪು, ಬಟ್ಟೆ ಎರಡನ್ನೂ ಒಂದೇ ಅಳತೆಗೆ ಕತ್ತರಿಸಿದೆ!"

"ಕತ್ತರಿಗೆ ಎರಡೂ ಒಂದೇ ರೀ. ಹರಿದಿದ್ರೆ ಕೈಗಾದ್ರೂ ಗೊತ್ತಾಗ್ತಿತ್ತು."

ಅಷ್ಟರಲ್ಲಿ ಹೆಡ್ ಮೇಡಂ ಬಂದರು. ಕೋಟು ತೊಟ್ಟು, ಕನ್ನಡಿಯಲ್ಲಿ ಹಿಂದೆ ಮುಂದೆ ನೋಡಿಕೊಂಡು ಮೆಚ್ಚಿದರು. ಇಡೀ ಸ್ಕೂಲಿಗೇ ಹೆಡ್, ಅವರೇ ಮೆಚ್ಚಿದ ಮೇಲೆ ಇನ್ಯಾರ ತೀರ್ಪು ಬೇಕು? ನಾನು ಮೀಸೆ ತಿರುವಿದೆ. ಮೇಡಂ ಒಳಬಟ್ಟೆಯನ್ನು ಸವರಿ, "ಲೈನಿಂಗ್ ಗಟ್ಟಿ ಇದೆ ತಾನೇ?" ಎಂದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ಅತ್ತೆಯ ದನಿ ಬಂತು:

"ಕಣ್ಮುಚ್ಕೊಂಡು ತಗೊಳ್ಳಮ್ಮಾ! ಅಷ್ಟು ಹೊತ್ತು ಅಗಿದಿದ್ದೀನಿ, ಒಂದೆಳೇನೂ ಬಿಚ್ಚಿಲ್ಲ!"