ರಾಚಪ್ಪ ಮಾಸ್ತರರ ಹಿತ್ತಲ ಮೊಹೆಂಜೊದಾರೊ

ಮೂಡಲಗಿ ತಾಲೂಕು ಕೇಂದ್ರವಾದಾಗ ಊರೆಲ್ಲ ಸಂಭ್ರಮಪಟ್ಟಿತು. ಒಳಗೊಳಗೇ ನಿಟ್ಟುಸಿರು ಬಿಟ್ಟವರು ರಾಚಪ್ಪ ಮಾಸ್ತರರು ಒಬ್ಬರೇ. ಅಲ್ಲಿಯವರೆಗೆ ಒಂದು ಸಹಿ ಬೇಕೆಂದರೂ ಗೋಕಾಕಕ್ಕೆ ಹೋಗಬೇಕಿತ್ತು. ಗೋಕಾಕಕ್ಕೆ ಹೋದವನು ಬೆಲ್ಲ, ಗೋಡಂಬಿಯ ಸಿಹಿ ಕರದಂಟು ತಿನ್ನದೆ ಬರುವುದು ಆ ಊರಿಗೇ ಮಾಡಿದ ಅವಮಾನ ಎಂಬುದು ಮಾಸ್ತರರ ಖಚಿತ ಅಭಿಪ್ರಾಯ. ಈಗ ನೋಡಿದರೆ ಕಚೇರಿ ಮನೆಯ ಮಗ್ಗುಲಿಗೇ ಬಂದು ಕೂತಿತ್ತು. (ಆಡಳಿತ ಜನರ ಹತ್ತಿರ ಬರಬೇಕು ನಿಜ, ಆದರೆ ಇಷ್ಟು ಹತ್ತಿರವೇ?)

ಮೂಡಲಗಿಯಲ್ಲಿ ಕರದಂಟು ಸಿಗುವುದಿಲ್ಲವೆಂದಲ್ಲ. ಇಲ್ಲಿ ಕೊಂಡರೆ ಅಂಗಡಿಯವನು ಚೀಲಕ್ಕೆ ಹಾಕುವುದರೊಳಗೆ ಸುದ್ದಿ ಶೋಭಾಬಾಯಿಗೆ ಮುಟ್ಟುತ್ತಿತ್ತು. ಶೋಭಾಬಾಯಿ ಮಾಸ್ತರರ ಧರ್ಮಪತ್ನಿ, ಹುಕ್ಕೇರಿಯ ಮಗಳು. ಮಾಸ್ತರರ ರಕ್ತದಲ್ಲಿ ಸಕ್ಕರೆ ಏರಿದೆಯೆಂದು ಡಾಕ್ಟರು ಹೇಳಿದಂದೇ ಆಕೆ ಬೆಲ್ಲದ ಡಬ್ಬಿಗೆ ಕೀಲಿ ಜಡಿದಿದ್ದರು. ಕಸದ ಗಾಡಿ ಬರುವ ಮೊದಲು ಬುಟ್ಟಿಯನ್ನೂ ಒಮ್ಮೆ ಕೆದಕಿ ನೋಡುವ ಶಿಸ್ತು ಆಕೆಯದು. ಹೀಗಾಗಿ ಮಾಸ್ತರರು ತರಬೇತಿ, ಸಭೆ, ಗೆಳೆಯನ ಮಗನ ನಿಶ್ಚಯ ಎಂದು ಗೋಕಾಕಕ್ಕೆ ಹೋಗಿ, ತಂದದ್ದನ್ನು ಹಿತ್ತಲ ಕರಿಬೇವಿನ ಮರೆಯಲ್ಲಿ ನಿಂತು ತಿಂದು, ಖಾಲಿ ಡಬ್ಬಿಯನ್ನು ಅಲ್ಲೇ ಮಣ್ಣು ಮಾಡುತ್ತಿದ್ದರು. ಬರಬರುತ್ತ ಆ ಕರಿಬೇವಿಗಿಂತ ಗುಟ್ಟೇ ಆಳವಾಗಿ ಬೇರು ಬಿಟ್ಟಿತ್ತು.

ಇಂಥ ಮನುಷ್ಯ ಸ್ವಂತ ಹಿತ್ತಲಿಗೆ ಸಲಿಕೆ ಹಿಡಿದ ಮಕ್ಕಳನ್ನು ಕರೆತರಬಹುದೇ? ಕರೆತಂದರು. ಅದಕ್ಕೆ ಕಾರಣ ವಿದ್ಯಾಪ್ರೇಮ.

ಆರನೆಯ ತರಗತಿಗೆ ಸಿಂಧೂ ನಾಗರಿಕತೆಯ ಪಾಠ ನಡೆದಿತ್ತು. ಪುಸ್ತಕ ಓದಿಸಿ ಮುಗಿಸುವ ಪೈಕಿ ಅಲ್ಲ ನಮ್ಮ ಮಾಸ್ತರರು. “ಪುರಾಣ ಕಿವಿಲೆ ಕೇಳೂದು, ಇತಿಹಾಸ ಕೈಲೆ ಅಗಿಯೂದು,” ಎಂದು ಹಲಗೆಯ ಮೇಲೆ ಬರೆದರು. ಮಣ್ಣಿನ ಬಣ್ಣ ಬದಲಾದಲ್ಲಿ ಮನುಷ್ಯನ ಕೈಯಾಡಿರುತ್ತದೆ, ಕೆಳಗಿನ ಪದರು ಹಳೆಯದು, ಮೇಲಿನದು ಹೊಸದು ಎಂದು ತಿಳಿಸಿದರು. ಶಾಲೆಯ ಅಂಗಳಕ್ಕೆ ಕಾಂಕ್ರೀಟು ಬಿದ್ದಿದ್ದರಿಂದ ಶನಿವಾರ ಶಾಲೆ ಬಿಟ್ಟ ಮೇಲೆ ಉತ್ಖನನ ತಮ್ಮ ಹಿತ್ತಲಲ್ಲಿ ಎಂದು ಘೋಷಿಸಿದರು. ಹಿಂದಿನ ದಿನವೇ ನುಗ್ಗೆಗಿಡದ ಬುಡದಲ್ಲಿ ಒಡೆದ ಮಡಕೆ, ಮಣಿಸರ, ಮಣ್ಣೆತ್ತಿನ ಅಮಾವಾಸ್ಯೆಗೆ ಪೂಜಿಸಿದ ಜೋಡಿ ಮಣ್ಣೆತ್ತು ಇವನ್ನೆಲ್ಲ ಹುಗಿದು, ಸುತ್ತ ಸುಣ್ಣದ ಗೆರೆ ಎಳೆದಿಟ್ಟರು. ಕರಿಬೇವು ಇದ್ದದ್ದು ಇನ್ನೊಂದು ಮೂಲೆಗೆ. ಗೆರೆ ದಾಟುವ ಮಕ್ಕಳು ತಮ್ಮ ತರಗತಿಯಲ್ಲಿಲ್ಲ ಎಂದು ಅವರಿಗೆ ಧೈರ್ಯ.

ಸಲಿಕೆ ಇಟ್ಟ ಸ್ವಲ್ಪ ಹೊತ್ತಿಗೇ ಕುಂಬಾರರ ಬಾಳೇಶ ಎತ್ತು ಎತ್ತಿ ಹಿಡಿದ.

“ಶಾಬಾಸ್! ಐದು ಸಾವಿರ ವರ್ಷದ ಹಿಂದಿಂದು ನೋಡ್ರಿ,” ಎಂದರು ಮಾಸ್ತರರು ಗದ್ಗದರಾಗಿ.

“ಅಲ್ಲರಿ ಸರ್. ಮೊನ್ನಿ ಅಮಾಸಿದರಿ. ನಮ್ಮಪ್ಪ ಮಾಡಿದ್ದು, ನಾನ ನಿಮ್ಮ ಮನಿಗೆ ತಂದ ಕೊಟ್ಟಿದ್ನೆಲ್ರಿ. ಈ ಡೊಂಕ ಕೊಂಬ ನಾನ ಮಾಡಿದ್ದರಿ.”

“ನಾಗರಿಕತೆಯ ನಿರಂತರತೆ ಅಂದ್ರ ಇದ!” ಎಂದು ಮಾಸ್ತರರು ಸಾವರಿಸಿಕೊಂಡರು. ಆದರೆ ಮಕ್ಕಳಿಗೆ ನುಗ್ಗೆಗಿಡದ ಮೇಲೆ ನಂಬಿಕೆ ಹೋಗಿತ್ತು.

ತರಗತಿಗೇ ಚುರುಕು ಹುಡುಗಿ ಮೇಘಾ ಕಣ್ಣು ಕಿರಿದು ಮಾಡಿ ಹಿತ್ತಲನ್ನೆಲ್ಲ ನೋಡಿದಳು. “ಸರ್, ಆ ಕರಿಬೇವಿನ ಬುಡಕ ಮಣ್ಣಿನ ಬಣ್ಣ ಬ್ಯಾರೆ ಐತ್ರಿ.”

“ಅಲ್ಲಿ ಬ್ಯಾಡವ್ವಾ!” ಮಾಸ್ತರರ ದನಿ ಸೀಳಿತು. “ಅಲ್ಲಿ ಹಾವೈತಿ. ಸಾದಾ ಹಾವಲ್ಲ, ತಕ್ಷಕನ ವಂಶದ್ದು. ನಿಧಿ ಕಾಯಾಕತ್ತೇತಿ.”

“ನೀವು ನೋಡೀರೇನ್ರಿ?”

“ಹಿರ್ಯಾರು ಹೇಳ್ತಿದ್ರು.”

“ಹಂಗಾರ ಅದು ಪುರಾಣ ಆತರಿ. ಅಗದ ನೋಡ್ತೇವ್ರಿ.”

ನಿಧಿ ಎಂಬ ಶಬ್ದ ಕೇಳಿದ ಮೇಲೆ ಉಳಿದವರನ್ನು ಹಿಡಿಯುವವರು ಯಾರು? ಅದೇ ಹೊತ್ತಿಗೆ ಮಕ್ಕಳಿಗೆಂದು ಚುರುಮುರಿಯ ಪರಾತ ಹಿಡಿದು ಶೋಭಾಬಾಯಿ ಹೊರಗೆ ಬಂದರು. “ಅಗೀಲಿ ಬಿಡ್ರಿ, ಕರಿಬೇವಿಗೂ ಮಣ್ಣು ಸಡ್ಲಾಕ್ಕೈತಿ,” ಎಂದು ಮೆಟ್ಟಿಲ ಮೇಲೆ ಕೂತರು. ಮಾಸ್ತರರು ಬಿಸಿಲು ಜೋರಾಗಿದೆ ಒಳಗೆ ಹೋಗು ಎಂದರು, ಹಾಲು ಉಕ್ಕುವ ವಾಸನೆ ಬರುತ್ತಿದೆ ಎಂದರು. ಆಕೆ ಕದಲಲಿಲ್ಲ.

ನೋಡನೋಡುತ್ತ ಒಂದು ಭವ್ಯ ನಾಗರಿಕತೆ ಬೆಳಕಿಗೆ ಬಂದಿತು. ಡಬ್ಬಿಯ ಮೇಲೆ ಡಬ್ಬಿ. ಮೇಘಾ ಅವನ್ನೆಲ್ಲ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪದರಿನ ಪ್ರಕಾರ ಸಾಲಾಗಿ ಜೋಡಿಸಿ, ಸರ್ ಕಲಿಸಿದ ಹಾಗೆಯೇ ಕೈ ಹಿಂದೆ ಕಟ್ಟಿ ನಿಂತಳು.

“ಇದು ಒಬ್ಬ ಗಂಡಸಿನ ನಾಗರಿಕತೆರಿ.”

“ಗಂಡಸು ಅಂತ ಹ್ಯಾಂಗ ಹೇಳ್ತಿಯವ್ವಾ?” ಶೋಭಾಬಾಯಿಗೆ ಇತಿಹಾಸದಲ್ಲಿ ಆಸಕ್ತಿ ಹುಟ್ಟಿತ್ತು.

“ಹೆಂಗಸಾಗಿದ್ರ ಇಂಥಾ ಚಂದ ಡಬ್ಬಿ ಹುಗೀತಿದ್ದಿಲ್ರಿ ಕಾಕೂ. ಸಾಸಿವಿ, ಜೀರಗಿ ಹಾಕಿ ಇಡ್ತಿದ್ಲು.”

“ಖರೆ. ಮುಂದ ಹೇಳು.”

“ಕೆಳಗಿನ ಪದರದಾಗ ದೊಡ್ಡ ಡಬ್ಬಿ, ಮ್ಯಾಲಿನ ಪದರದಾಗ ಸಣ್ಣವು. ಅಂದ್ರ ಬರಬರ್ತ ಅವರಿಗೆ ಅಂಜಿಕಿ ಹೆಚ್ಚಾಗೇತ್ರಿ. ಹೊರಗಿನ ಶತ್ರು ಇರ್ಬೇಕ್ರಿ. ಭಾಳ ಬಲಿಷ್ಠ.”

“ಯಾ ಕಡಿಯಿಂದ ಬಂದಿರಬೇಕ್ರಿ ಸರ್?” ಎಂದ ಬಾಳೇಶ.

“ಹುಕ್ಕೇರಿ ಕಡಿಯಿಂದ,” ಎಂದು ಮಾಸ್ತರರು ಗೊಣಗಿದರು.

ಶೋಭಾಬಾಯಿ ಎದ್ದು ಒಂದು ಡಬ್ಬಿ ಎತ್ತಿಕೊಂಡು, ಸೆರಗಿನಿಂದ ಮಣ್ಣೊರಸಿ ತಾರೀಖು ಓದಿದರು. “ಇದು ಹೋದ ಶ್ರಾವಣದ್ದು. ಅವತ್ತ ನೀವು ಗೋಕಾಕಕ್ಕ ತರಬೇತಿಗೆ ಹೋಗಿದ್ರಿ. ಬಂದು ಹಸಿವಿಲ್ಲ, ತಲಿ ನೋಯಾಕತ್ತೇತಿ ಅಂತ ಮಲಕೊಂಡ್ರಿ. ಸಂಜೀತನಾ ತಲಿ ಒತ್ತೇನಿ ನಾ.”

ಚುರುಮುರಿ ತಿನ್ನುತ್ತಿದ್ದ ಬಾಯಿಗಳೆಲ್ಲ ನಿಂತವು. ಮೇಘಾ ಮಾತ್ರ ಸರ್ ಮುಖವನ್ನೇ ನೋಡುತ್ತಿದ್ದಳು. “ಸರ್, ನಮ್ಮ ಉತ್ತರ ಸರಿ ಐತೇನ್ರಿ?”

ತಪ್ಪು ಎಂದರೆ ಸಾಕಿತ್ತು. ಪಕ್ಕದ ಮನೆಯವರು ತಂದು ಹುಗಿದ ಡಬ್ಬಿಗಳು ಎಂದು ತಳ್ಳಿಹಾಕಿದರೆ ಕರದಂಟೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು. ಮಾಸ್ತರರ ನಾಲಿಗೆ ತುದಿಗೆ ಪಕ್ಕದ ಮನೆಯವರು ಬಂದೂಬಿಟ್ಟರು. ಆದರೆ ಎದುರಿಗೆ ನಿಂತಿದ್ದ ಹುಡುಗಿ ಗೈಡು ನೋಡದೆ, ಬಾಯಿಪಾಠ ಮಾಡದೆ, ಮಣ್ಣು ನೋಡಿ ಉತ್ತರ ಕಂಡುಹಿಡಿದಿದ್ದಳು. ಇಂಥ ಮಗುವಿಗಾಗಿ ಅವರು ಸರ್ವಿಸ್ ಉದ್ದಕ್ಕೂ ಕಾದಿದ್ದರು.

“ಸರಿ ಐತಿ,” ಎಂದರು ಮಾಸ್ತರರು. “ಹತ್ತಕ್ಕ ಹತ್ತು.”

ಶೋಭಾಬಾಯಿ ಒಳಗೆ ಹೋದರು. ಬರುವಾಗ ಕೈಯಲ್ಲಿ ಸೀಲು ಒಡೆಯದ ಒಂದು ಡಬ್ಬಿ. “ಹುಡುಗೂರಾ, ಇದಿನ್ನೂ ಮಣ್ಣಿಗೆ ಹೋಗಿದ್ದಿಲ್ಲ. ನಿಮ್ಮ ಸರ್ ಬೂಟಿನ ಡಬ್ಬ್ಯಾಗಿತ್ತು. ತಗೋರಿ, ಬಾಯಿ ಸಿಹಿ ಮಾಡ್ಕೋರಿ.” ಎಲ್ಲರಿಗೂ ಹಂಚಿ, ತಳದಲ್ಲಿ ಉಳಿದ ಗೋಡಂಬಿಯ ಚೂರೊಂದನ್ನು ಗಂಡನ ಅಂಗೈಯಲ್ಲಿಟ್ಟರು. “ಖರೆ ಹೇಳಿದ್ದಕ್ಕ. ಇಷ್ಟ. ನಾಳಿಂದ ಮೆಂತ್ಯದ ನೀರು.”

ಮಾಸ್ತರರು ಆ ಚೂರನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡರು.

ಮೇಘಾ ಖಾಲಿ ಡಬ್ಬಿ ಹಿಡಿದು ಗುಂಡಿಗಿಳಿದಳು. “ಸರ್, ಇದನ್ನ ಇಲ್ಲೇ ಹುಗೀತೇನ್ರಿ. ಬರೂ ವರ್ಷದ ಆರನೇ ಕ್ಲಾಸಿನವ್ರಿಗೂ ಏನಾರ ಸಿಗಬೇಕಲ್ರಿ.”

ಶೋಭಾಬಾಯಿ ಗಂಡನನ್ನೇ ನೋಡಿದರು. ಮಾಸ್ತರರು ಈಗಲಾದರೂ ಬೇಡ ಎನ್ನಬಹುದಿತ್ತು.

“ತಲಿಕೆಳಗ ಇಡಬ್ಯಾಡವ್ವಾ!” ಎಂದು ಮಾಸ್ತರರು ಗುಂಡಿಯ ಅಂಚಿಗೆ ಧಾವಿಸಿದರು. “ತಾರೀಖ ಮ್ಯಾಲ ಕಾಣೂ ಹಂಗ ಇಡು!”